ಶಿರಾಡಿ ಹತ್ತೋಕೆ ಒಂದು ಟರ್ಬೊ ಕಾರು: ಆಷಾಢದಿಂದ ಕಾರ್ತಿಕದವರೆಗಿನ ಕಥೆ

2025ರ ಮೇ ತಿಂಗಳ ಕೊನೆಯ ಭಾನುವಾರ. ಪುತ್ತೂರಿನ ತವರುಮನೆಯಿಂದ ಬೆಂಗಳೂರಿಗೆ ವಾಪಸ್ ಬರುತ್ತಿದ್ದೆವು. ಹನ್ನೊಂದು ವರ್ಷದ ಹಳೇ ಚಿಕ್ಕ ಕಾರು, ಒಳಗೆ ಐದು ಜನ, ಡಿಕ್ಕಿಯಲ್ಲಿ ಅಮ್ಮ ತುಂಬಿಸಿ ಕೊಟ್ಟ ಹಲಸಿನಕಾಯಿ ಹಪ್ಪಳ, ತೆಂಗಿನಕಾಯಿ, ಅರ್ಧ ಗೋಣಿ ಕುಚ್ಚಲಕ್ಕಿ. ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುವಾಗ ಎರಡನೇ ಗೇರಿನಿಂದ ಮೇಲೆ ಹೋಗುವ ಮಾತೇ ಇಲ್ಲ. ಎಸಿ ಆಫ್ ಮಾಡಿದೆ. ಕಿಟಕಿ ಇಳಿಸಿದರೆ ಮುಂದಿದ್ದ ಟ್ಯಾಂಕರಿನ ಹೊಗೆಯೆಲ್ಲ ಒಳಗೆ. ಚಿಕ್ಕವನು ವಾಂತಿ ಮಾಡಿಕೊಂಡ. ಹಿಂದೆ ಕೂತಿದ್ದ ಅತ್ತೆ, "ಬೇಕಾದ್ರೆ ನಾನು ಇಳಿದು ನಡ್ಕೊಂಡು ಬರ್ತೀನಿ ಕಣಮ್ಮ, ಕಾರಿಗೆ ಹಗುರ ಆಗುತ್ತೆ" ಅಂದರು. ತಮಾಷೆಗೆ ಅಂದಿದ್ದಾ, ನಿಜಕ್ಕೂ ಅಂದಿದ್ದಾ, ಇವತ್ತಿಗೂ ಗೊತ್ತಿಲ್ಲ. ಸಕಲೇಶಪುರ ಬರುವಷ್ಟರಲ್ಲಿ ಹೊಸ ಕಾರು ತಗೊಳ್ಳೋದು ಅಂತ ತೀರ್ಮಾನ ಆಗಿತ್ತು.

ಆ ಹೊಸ ಕಾರು ನಾಗರಬಾವಿಯ ನಮ್ಮ ಮನೆ ಮುಂದೆ ನಿಂತಿದ್ದು ಅಕ್ಟೋಬರ್ ಕೊನೆಗೆ. ಐದು ತಿಂಗಳು! ಇದರಲ್ಲಿ ಎಂಜಿನ್ ಯಾವುದು ಅಂತ ತಲೆ ಕೆಡಿಸಿಕೊಂಡಿದ್ದು ಎರಡು ಮೂರು ವಾರ ಅಷ್ಟೇ. ಉಳಿದದ್ದೆಲ್ಲ ಕಾಗದ, ಕಾಯುವುದು, ಫೋನು. ನನ್ನ ಹಾಗೆ ನೀವೂ ಒದ್ದಾಡಬೇಡಿ ಅಂತ ನೆನಪಿರುವಾಗಲೇ ಬರೆದಿಡುತ್ತಿದ್ದೇನೆ. ಕೊನೆಗೆ ಯಾವ ಕಾರು ತಗೊಂಡೆ ಅಂತ ಮಾತ್ರ ಹೇಳಲ್ಲ. ಆ ಶೋರೂಮಿನ ಜೊತೆ ನಡುನಡುವೆ ಜಗಳ ಆಗಿದೆ, ನಾಳೆ ಸರ್ವಿಸಿಗೂ ಅಲ್ಲಿಗೇ ಹೋಗಬೇಕು ನೋಡಿ.

ಟೆಸ್ಟ್ ಡ್ರೈವ್ ಶುರು ಮಾಡಿದ್ದು ಆಷಾಢದಲ್ಲಿ. ನಮ್ಮ ಕಡೆ ಆಷಾಢದಲ್ಲಿ ಯಾರೂ ಗಾಡಿ ತಗೊಳ್ಳಲ್ಲ, ಅಲ್ವಾ? ಅದಕ್ಕೇ ಶೋರೂಮುಗಳು ಖಾಲಿ ಹೊಡೆಯುತ್ತಿರುತ್ತವೆ. ಕಾರು ಕೊಳ್ಳಬೇಡಿ, ಆದರೆ ನೋಡೋಕೆ ಇದಕ್ಕಿಂತ ಒಳ್ಳೆ ತಿಂಗಳಿಲ್ಲ. ಶ್ರಾವಣ ಬಂದ ಮೇಲೆ ಹತ್ತು ನಿಮಿಷದಲ್ಲಿ ಒಂದು ರೌಂಡ್ ಹೊಡೆಸಿ ಕೀ ಕಿತ್ಕೊಳ್ಳುತ್ತಾರೆ. ಆಷಾಢದಲ್ಲಿ ನನಗೆ ಒಂದು ಗಂಟೆ ಕಾರು ಕೊಟ್ಟರು, ಕಾಫಿ ಬೇರೆ.

ಎಲ್ಲಾ ಕಡೆಯೂ ಒಂದೇ ಪದ: ಟರ್ಬೊ. ಎಂಜಿನ್ ನೋಡಿದರೆ ಒಂದು ಲೀಟರ್, 1.2 ಲೀಟರ್. ಮೂರೇ ಸಿಲಿಂಡರ್. ಇಷ್ಟು ದೊಡ್ಡ ಗಾಡಿಗೆ ಇಷ್ಟೇ ಇಷ್ಟು ಎಂಜಿನ್ನಾ ಅಂತ ನಮ್ಮವರಿಗೆ ಅನುಮಾನ. ಇದಕ್ಕೆ ಕಾರಣ ತೆರಿಗೆ. ನಾಲ್ಕು ಮೀಟರಿಗಿಂತ ಉದ್ದ ಇರಬಾರದು, ಪೆಟ್ರೋಲ್ ಎಂಜಿನ್ 1200 ಸಿಸಿ ದಾಟಬಾರದು. ಈ ಎರಡೂ ಇದ್ದರೆ ಮಾತ್ರ ಸರ್ಕಾರದ ಲೆಕ್ಕದಲ್ಲಿ ಅದು ಚಿಕ್ಕ ಕಾರು, ತೆರಿಗೆ ಕಡಿಮೆ. ಅಷ್ಟರೊಳಗೆ ಶಕ್ತಿ ಹುಟ್ಟಿಸಬೇಕು ಅಂದರೆ ಟರ್ಬೊ ಹಾಕಬೇಕು. ಎಂಜಿನ್‌ನಿಂದ ಹೊರಗೆ ಹೋಗುವ ಬಿಸಿ ಹೊಗೆ ಒಂದು ಸಣ್ಣ ಚಕ್ರ ತಿರುಗಿಸುತ್ತದೆ, ಅದೇ ಕಡ್ಡಿಯ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಎಂಜಿನ್ನಿಗೆ ಒತ್ತಿ ತುಂಬುತ್ತದೆ. ಗಾಳಿ ಜಾಸ್ತಿ ಹೋದರೆ ಪೆಟ್ರೋಲೂ ಜಾಸ್ತಿ ಉರಿಸಬಹುದು. ಅಷ್ಟೇ ವಿಷಯ.

ಬ್ರೋಷರ್ ಓದುವಾಗ ಪಿಎಸ್ (ಎಂಜಿನ್ನಿನ ಗರಿಷ್ಠ ಶಕ್ತಿ) ನೋಡಬೇಡಿ, ಎನ್‌ಎಂ ಅಂತ ಬರೆದಿರುವ ಟಾರ್ಕ್, ಅಂದರೆ ಚಕ್ರ ತಿರುಗಿಸುವ ಬಲ ನೋಡಿ, ಅದು ಎಷ್ಟು ಆರ್‌ಪಿಎಂಗೆ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಸಿಗುತ್ತದೆ ಅನ್ನೋದನ್ನೂ ನೋಡಿ. ಹ್ಯುಂಡೈ ವೆನ್ಯೂ ಒಂದನ್ನೇ ತಗೊಳ್ಳಿ. ಅದರ ಮಾಮೂಲಿ 1.2 ಎಂಜಿನ್ನಿನ ಟಾರ್ಕ್ ಸುಮಾರು 114 ಎನ್‌ಎಂ, ಅದೂ 4000 ಆರ್‌ಪಿಎಂ ತನಕ ಕೂಗಿಸಿದ ಮೇಲೆ. ಅದಕ್ಕಿಂತ ಚಿಕ್ಕದಾದ 998 ಸಿಸಿಯ ಟರ್ಬೊ 172 ಎನ್‌ಎಂ ಕೊಡುತ್ತದೆ, 1500ಕ್ಕೇ ಶುರು. ಘಾಟಿಯಲ್ಲಿ ಬೇಕಾಗಿರುವುದು ಇದು. ಕಿಯಾ ಸೊನೆಟ್‌ನಲ್ಲೂ ಇದೇ ಎಂಜಿನ್. ಟಾಟಾ ನೆಕ್ಸಾನ್ 1.2 ಟರ್ಬೊ 170, ಸ್ಕೋಡಾ ಕೈಲಾಕ್‌ನ ಒಂದು ಲೀಟರ್ ಟಿಎಸ್‌ಐ 178, ಮಹೀಂದ್ರ ಎಕ್ಸ್‌ಯುವಿ 3ಎಕ್ಸ್‌ಒನಲ್ಲಿ 1.2 ಟರ್ಬೊ ಎರಡು ಥರ ಇದೆ: ಒಂದು 200, ಡೈರೆಕ್ಟ್ ಇಂಜೆಕ್ಷನ್ (ಪೆಟ್ರೋಲನ್ನು ನೇರ ಸಿಲಿಂಡರಿಗೇ ಚಿಮ್ಮಿಸುವುದು) ಇರುವುದು 230. ಮಾರುತಿ ಫ್ರಾಂಕ್ಸ್‌ನ ಬೂಸ್ಟರ್‌ಜೆಟ್ ಟರ್ಬೊ ಇವಕ್ಕಿಂತ ಸ್ವಲ್ಪ ಕಡಿಮೆ, 148ರ ಹತ್ತಿರ. ಕ್ರೆಟಾ, ಸೆಲ್ಟೋಸ್‌ನಲ್ಲಿ ಸಿಗುವ 1.5 ಟರ್ಬೊ 253 ಎನ್‌ಎಂ, ಆದರೆ ಅದು ನಮ್ಮ ಬಜೆಟ್ ಅಲ್ಲ, ನಮ್ಮ ಮನೆ ಗೇಟಿನೊಳಗೂ ಹಿಡಿಸಲ್ಲ.

ಒಂದು ಶೋರೂಮಿನಲ್ಲಿ ನಗು ಬಂತು. ಓಡಿಸೋಳು ನಾನು, ಸಾಲ ನನ್ನ ಹೆಸರಲ್ಲಿ, ಪ್ರಶ್ನೆ ಕೇಳಿದ್ದೂ ನಾನು. ಆ ಹುಡುಗ ಉತ್ತರ ಮಾತ್ರ ನಮ್ಮವರ ಮುಖ ನೋಡಿ ಹೇಳುತ್ತಿದ್ದ. "ಸರ್, ಮೈಲೇಜ್ ಇಪ್ಪತ್ತು ಬರುತ್ತೆ ಸರ್." ನಮ್ಮವರಿಗೆ ಡ್ರೈವಿಂಗ್ ಲೈಸೆನ್ಸೇ ಇಲ್ಲ.

ಟೆಸ್ಟ್ ಡ್ರೈವಿನಲ್ಲಿ ನಾನು ಮೊದಲು ಮಾಡಿದ ತಪ್ಪು ಎಲ್ಲರೂ ಮಾಡುವ ತಪ್ಪೇ. ಭಾನುವಾರ ಬೆಳಗ್ಗೆ ಹೋದೆ, ನೈಸ್ ರೋಡಿನ ಕಡೆ ಓಡಿಸಿದೆ, ಕಾಲಿಟ್ಟ ತಕ್ಷಣ ಬೆನ್ನಿಗೆ ಗುದ್ದಿದ ಹಾಗೆ ನುಗ್ಗಿತು, ಮನಸೋತೆ. ಅದೇ ಕಾರನ್ನು ಬುಧವಾರ ಸಂಜೆ ಆರೂವರೆಗೆ ನಾಯಂಡಹಳ್ಳಿ ಜಂಕ್ಷನ್ನಿನಲ್ಲಿ ಓಡಿಸಿದಾಗ ಬೇರೆಯೇ ಕಾರು. ಟರ್ಬೊ ಎಂಜಿನ್ 1500 ಆರ್‌ಪಿಎಂಗಿಂತ ಕೆಳಗೆ ಅರೆನಿದ್ದೆಯಲ್ಲಿರುತ್ತದೆ. ಹೊಗೆಯ ಒತ್ತಡ ಸಾಕಾಗದೆ ಆ ಚಕ್ರ ಜೋರಾಗಿ ತಿರುಗಿರುವುದಿಲ್ಲ. ಮುಂದಿನ ಆಟೋ ಎರಡು ಮಾರು ಸರಿಯಿತು ಅಂತ ಕಾಲೊತ್ತುತ್ತೀರಿ, ಏನೂ ಆಗಲ್ಲ, ಇನ್ನೊಂಚೂರು ಒತ್ತುತ್ತೀರಿ, ಆಗ ಒಮ್ಮೆಲೇ ಹಾರುತ್ತದೆ, ಬ್ರೇಕ್. ಹೀಗೆ ನಲವತ್ತು ನಿಮಿಷ. ಹಿಂದೆ ಕೂತಿದ್ದ ದೊಡ್ಡವಳು, "ಅಮ್ಮಾ, ನೀನು ಹೊಸದಾಗಿ ಕಲೀತಿದ್ದೀಯಾ?" ಅಂತ ಕೇಳಿದಳು.

ಇಲ್ಲೇ ನನಗೆ ಗೊತ್ತಾಗಿದ್ದು: ಬೆಂಗಳೂರಿನಲ್ಲಿ ಎಂಜಿನ್ನಿಗಿಂತ ಅದಕ್ಕೆ ಕಟ್ಟಿರುವ ಗೇರ್‌ಬಾಕ್ಸ್ ಮುಖ್ಯ. ಒಂದೇ ಥರದ ಟರ್ಬೊಗೆ ಬೇರೆ ಬೇರೆ ಆಟೋಮ್ಯಾಟಿಕ್ ಬರುತ್ತವೆ. ವೆನ್ಯೂ, ಸೊನೆಟ್‌ನಲ್ಲಿ ಏಳು ಗೇರಿನ ಡಿಸಿಟಿ. ಕೈಲಾಕ್, 3ಎಕ್ಸ್‌ಒ, ಫ್ರಾಂಕ್ಸ್ ಟರ್ಬೊಗಳಲ್ಲಿ ಆರು ಗೇರಿನ ಟಾರ್ಕ್ ಕನ್ವರ್ಟರ್. ನಿಸಾನ್ ಮ್ಯಾಗ್ನೈಟ್ ಟರ್ಬೊಗೆ ಸಿವಿಟಿ, ಅಂದರೆ ಗೇರಿನ ಮೆಟ್ಟಿಲಿಲ್ಲದೆ ಒಂದೇ ಸಮನೆ ಬದಲಾಗುವ ಥರದ್ದು. ಡಿಸಿಟಿ ಅಂದರೆ ಎರಡು ಕ್ಲಚ್, ಗೇರ್ ಕಣ್ಣು ಮಿಟುಕಿಸುವಷ್ಟರಲ್ಲಿ ಬದಲಾಗುತ್ತದೆ, ಹೈವೇಯಲ್ಲಿ ಅದರ ಮಜವೇ ಬೇರೆ. ಆದರೆ ಒಳಗೆ ಇರುವುದು ಕ್ಲಚ್ಚೇ ತಾನೇ. ಇರುವೆ ಸಾಲಿನ ಹಾಗೆ ತೆವಳುವ ಟ್ರಾಫಿಕ್ಕಿನಲ್ಲಿ ಅರ್ಧ ಹಿಡಿದು ಅರ್ಧ ಬಿಟ್ಟು ಬಿಸಿಯಾಗುತ್ತದೆ. ಟಾರ್ಕ್ ಕನ್ವರ್ಟರ್‌ನಲ್ಲಿ ಆ ಕೆಲಸವನ್ನು ಎಣ್ಣೆ ಮಾಡುತ್ತದೆ, ಸ್ವಲ್ಪ ಆಲಸಿ, ಸ್ವಲ್ಪ ಪೆಟ್ರೋಲ್ ಜಾಸ್ತಿ, ಆದರೆ ತೆವಳಿಸಿದರೂ ನುಣುಪು. ನಾನು ದಿನಾ ನಾಗರಬಾವಿಯಿಂದ ಬೆಳ್ಳಂದೂರಿಗೆ ಹೋಗಿ ಬರುವವಳು. ನನಗೆ ನುಣುಪು ಸಾಕು. ನೀವು ವಾರಕ್ಕೊಮ್ಮೆ ಹಾಸನಕ್ಕೋ ಹುಬ್ಬಳ್ಳಿಗೋ ಓಡಿಸುವವರಾದರೆ ಲೆಕ್ಕ ಬೇರೆ.

ಇನ್ನೊಂದು ಪರೀಕ್ಷೆ ನಾನೇ ಕಂಡುಹಿಡಿದದ್ದು. ತಂಗಿಯ ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ರ‍್ಯಾಂಪು. ಐದು ಜನ ಕೂತು, ಎಸಿ ಹಾಕಿ, ರ‍್ಯಾಂಪಿನ ಮಧ್ಯೆ ಪೂರ್ತಿ ನಿಲ್ಲಿಸಿ, ಮತ್ತೆ ಹತ್ತಿಸಿದೆ. ಒಂದು ಕಾರು ಎರಡು ಸಲ ಇದೇ ಮಾಡಿದಾಗ ಸುಟ್ಟ ವಾಸನೆ ಬಂತು. ಜೊತೆಗೆ ಬಂದಿದ್ದ ಹುಡುಗ ಕಿಟಕಿ ಇಳಿಸಿ, "ಪಕ್ಕದಲ್ಲಿ ಎಲ್ಲೋ ಏನೋ ಸುಡ್ತಿದ್ದಾರೆ ಮೇಡಂ" ಅಂದ. ಬೇಸ್‌ಮೆಂಟಿನಲ್ಲಿ ಯಾರಪ್ಪಾ ಸುಡ್ತಾರೆ?

ಅತ್ತೆಯ ಪರೀಕ್ಷೆ ಬೇರೆ. ಮಂಡಿನೋವು ಅವರಿಗೆ. ಎಲ್ಲಾ ಕಾರಿನ ಹಿಂದಿನ ಸೀಟಿಗೂ ಮೂರು ಮೂರು ಸಲ ಹತ್ತಿ ಇಳಿದರು. ಹಳೇ ಕಾರಿನಲ್ಲಿ ಕುಕ್ಕುರುಗಾಲಲ್ಲಿ ಏಳಬೇಕಿತ್ತು, ಇನ್ನೊಂದು ದೊಡ್ಡ ಗಾಡಿಗೆ ಮೆಟ್ಟಿಲು ಬೇಕಿತ್ತು. ಕೊನೆಗೆ ಸೀಟು ಸೊಂಟದ ಮಟ್ಟಕ್ಕೆ ಬರುವ ಒಂದರಲ್ಲಿ ಕೂತು, "ಇದು ನಮ್ಮ ಜಗಲಿ ಥರ ಇದೆ" ಅಂದರು. ಅದೃಷ್ಟಕ್ಕೆ ಅದೇ ನನಗೂ ಇಷ್ಟವಾಗಿದ್ದ ಕಾರು: ಮೂರು ಸಿಲಿಂಡರ್ ಟರ್ಬೊ, ಟಾರ್ಕ್ ಕನ್ವರ್ಟರ್.

ಆಗಸ್ಟ್ 8, ವರಮಹಾಲಕ್ಷ್ಮಿ ಹಬ್ಬದ ದಿನ ಬುಕ್ ಮಾಡಿದೆವು. 21,000 ಅಡ್ವಾನ್ಸ್. ಎಕ್ಸ್ ಶೋರೂಂ, ಅಂದರೆ ರೋಡ್ ಟ್ಯಾಕ್ಸ್, ಇನ್ಶೂರೆನ್ಸ್ ಸೇರದ ಬೆಲೆ, 10.85 ಲಕ್ಷ. ಒಂದೇ ವಾರಕ್ಕೆ, ಆಗಸ್ಟ್ 15ರಂದು ಪ್ರಧಾನಿ ಕೆಂಪುಕೋಟೆಯಲ್ಲಿ ಜಿಎಸ್‌ಟಿ ಇಳಿಸುತ್ತೇವೆ ಅಂದರು. ಸೆಪ್ಟೆಂಬರ್ 3ಕ್ಕೆ ಜಿಎಸ್‌ಟಿ ಮಂಡಳಿ ತೀರ್ಮಾನ ಮಾಡಿತು, 22ರಿಂದ ಜಾರಿ. ಚಿಕ್ಕ ಪೆಟ್ರೋಲ್ ಕಾರಿಗೆ ಸೆಸ್ ಸೇರಿ 29 ಪರ್ಸೆಂಟ್ ಇದ್ದದ್ದು 18ಕ್ಕೆ ಇಳಿಯಿತು. ದೊಡ್ಡದಕ್ಕೆ 40. ನಾಲ್ಕು ಮೀಟರಿನೊಳಗಿದ್ದರೂ ಪೆಟ್ರೋಲ್ ಎಂಜಿನ್ 1.5 ಇದ್ದರೆ ಅದಕ್ಕೂ 40, ಅಂದರೆ ಇಲ್ಲಿ ಪುಟ್ಟ ಟರ್ಬೊಗೇ ಲಾಭ.

ಈ ನಡುವೆ ಶೋರೂಮಿನಿಂದ ದಿನಾ ಫೋನು. "ಮೇಡಂ ಈಗಲೇ ಬಿಲ್ ಮಾಡ್ಸಿ, ಮೂವತ್ತು ಸಾವಿರ ಡಿಸ್ಕೌಂಟ್ ಕೊಡ್ತೀವಿ, ಆಮೇಲೆ ಗಾಡಿ ಸಿಗಲ್ಲ." ಬುಕ್ ಮಾಡಿದ ದಿನ ಯಾವುದಾದರೂ ಇರಲಿ, ಬಿಲ್ ಆದ ದಿನದ ದರವೇ ಲೆಕ್ಕಕ್ಕೆ ಬರೋದು. ನಾನು ಅಡುಗೆಮನೆ ಕ್ಯಾಲೆಂಡರಿನ ಹಿಂದೆ ಲೆಕ್ಕ ಹಾಕಿದೆ. 10.85 ಲಕ್ಷ 9.92ಕ್ಕೆ ಇಳಿಯುತ್ತದೆ. ಇಷ್ಟೇ ಆಗಿದ್ದರೆ 93,000 ಲಾಭ. ಆದರೆ ಕರ್ನಾಟಕದ ರೋಡ್ ಟ್ಯಾಕ್ಸ್ ಇದೆಯಲ್ಲ, ಅದು ಬೆಲೆ 5ರಿಂದ 10 ಲಕ್ಷ ಇದ್ದರೆ 14 ಪರ್ಸೆಂಟ್, 10 ದಾಟಿದರೆ 17. ದಾಟಿದ ಭಾಗಕ್ಕಷ್ಟೇ ಅಲ್ಲ, ಪೂರ್ತಿ ಬೆಲೆಗೆ. ಮೊದಲಿನ ಲೆಕ್ಕದಲ್ಲಿ 1.84 ಲಕ್ಷ ಕಟ್ಟಬೇಕಿತ್ತು, ಈಗ 1.39. ಇನ್ನೂ 45,000 ಉಳಿಯಿತು, ಅದರ ಮೇಲಿನ ಸೆಸ್ಸೂ ಕಡಿಮೆ. 10 ಲಕ್ಷ ದಾಟಿದ ಕಾರಿಗೆ ಹಿಡಿಯುವ ಒಂದು ಪರ್ಸೆಂಟ್ ಟಿಸಿಎಸ್ (ಮಾರುವವರು ಮುಂಗಡವಾಗಿ ಹಿಡಿಯುವ ಆದಾಯ ತೆರಿಗೆ) ಕೂಡ ಇಲ್ಲ. (ಅದು ಹಿಡಿದರೂ ಐಟಿ ರಿಟರ್ನ್‌ನಲ್ಲಿ ವಾಪಸ್ ಸಿಗುತ್ತದೆ, ಮರೆಯಬೇಡಿ.) ಡಿಸ್ಕೌಂಟ್ ನಿಮ್ಮ ಹತ್ತಿರವೇ ಇಟ್ಕೊಳ್ಳಿ ಅಂದೆ.

ಆಗ ಹೊಸ ಆಸೆ ತೋರಿಸಿದರು: "ಬರೀ 38,000 ಸೇರಿಸಿದ್ರೆ ಸನ್‌ರೂಫ್ ಇರೋ ವೇರಿಯಂಟ್ ಬರುತ್ತೆ." ಮಕ್ಕಳು ಕುಣಿದರು. ಆದರೆ ಅದು 10.30 ಲಕ್ಷ. ಆ ಗೆರೆ ದಾಟಿದ ತಕ್ಷಣ ರೋಡ್ ಟ್ಯಾಕ್ಸೇ 36,000 ಏರುತ್ತದೆ. 38,000ದ ಸನ್‌ರೂಫಿಗೆ ನಿಜವಾಗಿ 74,000. ನೀವು 10 ಲಕ್ಷದ ಆಸುಪಾಸಿನಲ್ಲಿದ್ದರೆ ಎಕ್ಸ್ ಶೋರೂಂ ನೋಡಬೇಡಿ, ಎರಡೂ ವೇರಿಯಂಟಿನ ಎಲ್ಲಾ ಸೇರಿದ ಆನ್‌ರೋಡ್ ಬೆಲೆ ಬರೆಸಿಕೊಂಡು ಅಕ್ಕಪಕ್ಕ ಇಟ್ಟು ನೋಡಿ. ಮಕ್ಕಳು ಎರಡು ದಿನ ಮಾತಾಡಲಿಲ್ಲ.

ಇನ್ನು ಕಾಗದದ ಗೋಳು. ಮೊದಲನೆಯದು ಆಧಾರ್. ನನ್ನದರಲ್ಲಿ ಮದುವೆಗೆ ಮುಂಚಿನ ಪುತ್ತೂರಿನ ವಿಳಾಸವೇ ಇತ್ತು. ಬೆಂಗಳೂರಿನಲ್ಲಿ ನೋಂದಣಿ ಆಗಬೇಕಾದರೆ ಇಲ್ಲಿನ ವಿಳಾಸದ ದಾಖಲೆ ಕೊಡಿ ಅಂದರು. ಆನ್‌ಲೈನಿನಲ್ಲಿ ಬದಲಾಯಿಸೋಕೆ ಹಾಕಿದೆ, ಒಂದು ಸಲ ತಿರಸ್ಕಾರ, ಎರಡನೇ ಸಲ ಒಂಬತ್ತು ದಿನಕ್ಕೆ ಆಯಿತು. ಬುಕ್ ಮಾಡುವ ಮೊದಲೇ ಇದನ್ನು ಸರಿ ಮಾಡಿಸಿಕೊಳ್ಳಿ.

ಎರಡನೆಯದು ನಿಜವಾದ ಪೆಟ್ಟು. ಹಳೇ ಕಾರನ್ನು ಎಕ್ಸ್‌ಚೇಂಜಿಗೆ ಕೊಡೋಣ ಅಂತ ಆರ್‌ಸಿ ಕೊಟ್ಟರೆ, "ಮೇಡಂ, ಎಚ್‌ಪಿ ಕ್ಯಾನ್ಸಲ್ ಆಗಿಲ್ಲ" ಅಂದರು. ಎಚ್‌ಪಿ ಅಂದರೆ ಹೈಪಾಥಿಕೇಶನ್, ಸಾಲ ಕೊಟ್ಟ ಬ್ಯಾಂಕಿನ ಹೆಸರು ಆರ್‌ಸಿಯಲ್ಲಿರುವುದು. ಸಾಲ ತೀರಿಸಿದ್ದು 2019ರಲ್ಲಿ. ಬ್ಯಾಂಕಿನವರು ಕೊಟ್ಟ ಎನ್‌ಒಸಿ (ಸಾಲ ಬಾಕಿ ಇಲ್ಲ ಅನ್ನುವ ಕಾಗದ) ಫೈಲಿನಲ್ಲಿ ಭದ್ರವಾಗಿ ಇಟ್ಟಿದ್ದೆ. ಅಲ್ಲೇ ಎಡವಿದ್ದು, ಭದ್ರವಾಗಿ ಇಟ್ಟುಬಿಟ್ಟಿದ್ದೆ! ಆ ಕಾಗದ ಮತ್ತು ಫಾರಂ 35 ತಗೊಂಡು ಆರ್‌ಟಿಒನಲ್ಲಿ ಹೆಸರು ತೆಗೆಸಬೇಕಿತ್ತು. ಎನ್‌ಒಸಿಯ ಮೇಲೆ ಸಣ್ಣ ಅಕ್ಷರದಲ್ಲಿ 90 ದಿನ ಮಾತ್ರ ಊರ್ಜಿತ ಅಂತ ಇತ್ತು. ಆರು ವರ್ಷ ಕಳೆದಿದೆ. ಬ್ಯಾಂಕಿಗೆ ಹೋದರೆ ನನ್ನ ಶಾಖೆಯೇ ಇಲ್ಲ, ಇನ್ನೊಂದರ ಜೊತೆ ಸೇರಿಸಿದ್ದಾರೆ. ಅಲ್ಲಿ ಹೋದರೆ ಸಾಲದ ನಂಬರ್ ಸಿಸ್ಟಮ್ಮಿನಲ್ಲಿ ಸಿಗಲ್ಲ. ಕೌಂಟರಿನಲ್ಲಿದ್ದವರು ಪಾಪ ಒಳ್ಳೆಯವರೇ, ಆದರೆ "ಹೆಡ್ ಆಫೀಸಿಗೆ ಮೇಲ್ ಹಾಕಿದ್ದೀವಿ" ಅನ್ನೋದನ್ನು ನಾಲ್ಕು ಸಲ ಕೇಳಿದೆ. ನಾಲ್ಕು ಭೇಟಿ, ಎರಡು ಅರ್ಧ ದಿನದ ರಜೆ, ಒಂದು ಸಲ ಲಿಫ್ಟಿನ ಹತ್ತಿರ ನಿಂತು ಅತ್ತೂ ಬಿಟ್ಟೆ. ಹತ್ತೊಂಬತ್ತನೇ ದಿನ ಹೊಸ ಎನ್‌ಒಸಿ ಬಂತು. ನಿಮ್ಮ ಕಾರಿನ ಸಾಲ ತೀರಿದ್ದರೆ ಇವತ್ತೇ ಆರ್‌ಸಿ ತೆಗೆದು ನೋಡಿ, ಬ್ಯಾಂಕಿನ ಹೆಸರು ಇನ್ನೂ ಇದೆಯಾ ಅಂತ. ಓದೋದು ಆಮೇಲೆ ಮುಗಿಸಬಹುದು.

ಅದರ ಜೊತೆಗೆ ಟ್ರಾಫಿಕ್ ದಂಡ. ಹಳೇ ಕಾರಿನ ಮೇಲೆ ಏಳು ಕೇಸು, 3,500 ರೂಪಾಯಿ. ಆಗಸ್ಟ್ 23ರಿಂದ ಸೆಪ್ಟೆಂಬರ್ 12ರ ತನಕ ಅರ್ಧ ದಂಡದ ರಿಯಾಯಿತಿ ಇತ್ತಲ್ಲ, ಆಗ ಕಟ್ಟಿ ಮುಗಿಸಿದೆ. ಏಳರಲ್ಲಿ ಐದು ಒಂದೇ ಸಿಗ್ನಲ್ಲಿನದು.

ಹಳೇ ಕಾರಿಗೆ ಫೋನಿನಲ್ಲಿ 2.10 ಲಕ್ಷ ಅಂದಿದ್ದರು, ನೋಡಿದ ಮೇಲೆ 1.65. ಕೊನೆಗೆ 1.80ಕ್ಕೆ ಬಿಟ್ಟೆ. ಕೊಡುವಾಗ ಹೆಸರು ಬದಲಾವಣೆಯ ಫಾರಂ 29, 30ಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಖಾಲಿ ಬಿಟ್ಟು ಸಹಿ ಹಾಕಬೇಡಿ. ಕಾರು ಒಪ್ಪಿಸಿದ ದಿನಾಂಕ, ಗಂಟೆ ಬರೆದ ಚೀಟಿ ಇಸ್ಕೊಳ್ಳಿ. ಹೆಸರು ಬದಲಾಗುವ ತನಕ ಆ ಗಾಡಿ ಎಲ್ಲಿ ಏನು ಮಾಡಿದರೂ ಕಾಗದದಲ್ಲಿ ಅದು ನಿಮ್ಮದೇ.

ಸೆಪ್ಟೆಂಬರ್ 22 ನವರಾತ್ರಿಯ ಮೊದಲ ದಿನ. ಆಯುಧ ಪೂಜೆಗೆ ಕಾರು ಗ್ಯಾರಂಟಿ ಅಂದಿದ್ದರು. ಆದರೆ ದರ ಇಳಿದದ್ದೇ ತಡ ಊರಿಗೆ ಊರೇ ಶೋರೂಮಿಗೆ ಬಂದಿತ್ತು. ನಮ್ಮ ಪಾಲಿಗೆ ಬಂದ ಗಾಡಿ ನೋಡೋಕೆ ಊರಾಚೆಯ ಯಾರ್ಡಿಗೆ ಹೋದೆ. ಧೂಳು ಕೂತಿತ್ತು, ಅದೇನು ಪರವಾಗಿಲ್ಲ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, ಮೊದಲೆರಡು ವಾರ, ಉಳಿದೆರಡು ವರ್ಷ. ನಾಲ್ಕೂ ಟೈರಿನಲ್ಲಿ 0625, ಅಂದರೆ ಫೆಬ್ರವರಿಯದು. ಚಾಸಿ ನಂಬರ್ ತೋರಿಸಿ ತಯಾರಾದ ತಿಂಗಳು ಕೇಳಿದೆ, ಮಾರ್ಚ್. ಆರೇಳು ತಿಂಗಳು ಬಿಸಿಲಲ್ಲಿ ನಿಂತಿದೆ. ಬೇಡ ಅಂದೆ. "ಹಬ್ಬಕ್ಕೆ ಬೇಕು ಅಂದ್ರೆ ಇದೇ ಮೇಡಂ." ಹಬ್ಬಕ್ಕೆ ಬೇಡ ಬಿಡಿ ಅಂದೆ. ಆಯುಧ ಪೂಜೆಯ ದಿನ ನಮ್ಮ ಬೀದಿಯಲ್ಲಿ ಮೂರು ಹೊಸ ಕಾರಿಗೆ ಕುಂಬಳಕಾಯಿ ಒಡೆದರು, ನಾವು ಮಗನ ಸೈಕಲ್ಲಿಗೆ ಹೂ ಹಾಕಿದೆವು. ಹೊಟ್ಟೆ ಉರೀಲಿಲ್ಲ ಅಂದರೆ ಸುಳ್ಳು.

ಮುಂದಿನ ಗಾಡಿ ಬಂದಿದ್ದು ಮೂರು ವಾರಕ್ಕೆ. ಅಷ್ಟರಲ್ಲಿ ಬಿಲ್ಲಿನ ಚೌಕಾಸಿ. ಶೋರೂಮಿನ ಇನ್ಶೂರೆನ್ಸ್ 58,000 ಇತ್ತು, ಹೊರಗೆ ಅದೇ ಜೀರೊ ಡೆಪ್ (ಬಿಡಿಭಾಗ ಹಳೆಯದಾಯಿತು ಅಂತ ಕ್ಲೈಮಿನಲ್ಲಿ ದುಡ್ಡು ಕಡಿಯದಿರುವುದು), ಎಂಜಿನ್ ಪ್ರೊಟೆಕ್ಟ್ (ನೀರು ನುಗ್ಗಿ ಎಂಜಿನ್ ಕೆಟ್ಟರೆ ಸಿಗುವ ರಕ್ಷಣೆ) ಸೇರಿ 43,000. ಇನ್ಶೂರೆನ್ಸ್ ಎಲ್ಲಿ ಬೇಕಾದರೂ ಮಾಡಿಸಬಹುದು. ಆ ಕೊಟೇಶನ್ ತೋರಿಸಿದ ತಕ್ಷಣ ಅವರದೇ 46,000ಕ್ಕೆ ಇಳಿಯಿತು, ತಗೊಂಡೆ. ಎಂಜಿನ್ ಪ್ರೊಟೆಕ್ಟ್ ಬಿಡಬೇಡಿ, ನಮ್ಮ ಅಂಡರ್‌ಪಾಸುಗಳು ಮಳೆಯಲ್ಲಿ ಏನಾಗುತ್ತವೆ ಅಂತ ಗೊತ್ತಲ್ಲ. ಲಾಜಿಸ್ಟಿಕ್ಸ್ (ಗಾಡಿ ಸಾಗಿಸಿದ ಖರ್ಚು) ಅಂತ 12,000 ಹಾಕಿದ್ದರು. ಇದಕ್ಕೆ ಬೇರೆ ರಸೀದಿ ಕೊಡ್ತೀರಾ ಅಂತ ಕೇಳಿದೆ, ಸುಮ್ನೆ ಬಿಲ್ಲಿನಿಂದ ಅದನ್ನು ಹೊಡೆದು ಹಾಕಿದರು.

ದೀಪಾವಳಿ ಮುಗಿದ ಮೂರನೇ ದಿನ ಕಾರು ಬಂತು. ರಾಹುಕಾಲ ತಪ್ಪಿಸಿ, ನಿಂಬೆಹಣ್ಣು ಇಟ್ಟು, ಅತ್ತೆ ಆರತಿ ಎತ್ತಿದರು.

ಈಗ ಓಡಿಸಿದ ಅನುಭವ. ಬೆಳ್ಳಂದೂರಿನ ದಾರಿಯಲ್ಲಿ ಲೀಟರಿಗೆ 10, ತುಂಬಾ ತಾಳ್ಮೆಯಿದ್ದ ದಿನ 11. ಹೈವೇಯಲ್ಲಿ 90ರ ಆಸುಪಾಸಿನಲ್ಲಿ ಹೋದರೆ 17. ಟರ್ಬೊ ಮೈಲೇಜು ನಿಮ್ಮ ಬಲಗಾಲಿನಲ್ಲಿದೆ. ಗಾಳಿ ಜಾಸ್ತಿ ತಳ್ಳಿದಷ್ಟೂ ಪೆಟ್ರೋಲ್ ಸುರಿಯುತ್ತದೆ. ಆ ಇಪ್ಪತ್ತು ಅಂದ ಹುಡುಗನನ್ನು ದಿನಾ ನೆನೆಸಿಕೊಳ್ಳುತ್ತೇನೆ. ಎಂಜಿನ್ ಆಯಿಲ್ ಪುಸ್ತಕದಲ್ಲಿ ಹೇಳಿದ ಗ್ರೇಡೇ ಇರಬೇಕು, ಟರ್ಬೊದ ಕಡ್ಡಿ ತಿರುಗುವುದೇ ಆ ಎಣ್ಣೆಯ ಮೇಲೆ. ಘಾಟಿ ಹತ್ತಿಸಿ ನಿಲ್ಲಿಸಿದಾಗ ತಕ್ಷಣ ಆಫ್ ಮಾಡದೆ ಅರ್ಧ, ಒಂದು ನಿಮಿಷ ಹಾಗೇ ಬಿಡಿ. ಕೆಂಡದ ಹಾಗೆ ಕಾದಿರುತ್ತದೆ, ಎಣ್ಣೆ ಓಡಾಡುತ್ತಾ ಅದನ್ನು ತಣಿಸುತ್ತದೆ.

ನವೆಂಬರಿನಲ್ಲಿ ಪುತ್ತೂರಿಗೆ ಹೋಗಿದ್ದೆವು. ಅಪ್ಪ ಬಾನೆಟ್ ಎತ್ತಿಸಿ ನೋಡಿ, "ಎಂತ ಮಾರಾಯ್ತಿ, ಇಷ್ಟೇ ಉಂಟಾ ಎಂಜಿನ್ನು?" ಅಂದರು. ವಾಪಸ್ ಬರುವಾಗ ಅದೇ ಐದು ಜನ, ಡಿಕ್ಕಿಯಲ್ಲಿ ಮತ್ತೆ ತೆಂಗಿನಕಾಯಿ, ಈ ಸಲ ಪೂರ್ತಿ ಗೋಣಿ ಅಕ್ಕಿ. ಗುಂಡ್ಯದಿಂದ ಮೇಲಕ್ಕೆ ಎಸಿ ಹಾಕಿಕೊಂಡೇ ಹತ್ತಿದೆ. ಟ್ಯಾಂಕರ್ ಹಿಂದಿಕ್ಕುವಾಗ ಆ ಒಂದು ಕ್ಷಣದ ತಡೆ ಇದ್ದೇ ಇದೆ, ಅದಕ್ಕೆ ಮೊದಲೇ ಕಾಲಿಡುವ ಅಭ್ಯಾಸ ಆಗಿದೆ. ಚಿಕ್ಕವನು ನಿದ್ದೆ ಮಾಡಿದ್ದ. ಸಕಲೇಶಪುರದಲ್ಲಿ ಟೀ ಅಂಗಡಿ ಮುಂದೆ ನಿಲ್ಲಿಸಿ, ಎಂಜಿನ್ ಆಫ್ ಮಾಡದೆ ಕೂತೆ. "ಪೆಟ್ರೋಲ್ ದಂಡ, ಯಾಕಮ್ಮಾ?" ಅಂತ ಅತ್ತೆ. ಹೇಳಿದೆ. ಆಗಲೇ ಫೋನಿಗೆ ಮೆಸೇಜ್ ಬಂತು, ಹಳೇ ಕಾರಿನ ಆರ್‌ಸಿ ಬೇರೆಯವರ ಹೆಸರಿಗೆ ಆಯಿತು ಅಂತ.

"ಯಾರು ತಗೊಂಡ್ರಂತೆ ಪಾಪ?" ಅಂದರು ಅತ್ತೆ.

"ಕೋಲಾರದ ಕಡೆಯವರು ಅಂದಿದ್ರು ಅತ್ತೆ."

"ಹಂಗಾದ್ರೆ ಸರಿ ಬಿಡು. ಅಲ್ಲಿ ಘಾಟಿ ಇಲ್ಲ."